ಮನೆಯಲ್ಲಿ ಮರಣವೊದಗಿದಾಗ

ಧಾರವಾಡದಿಂದ ಬೆಳಗಾವಿಯತ್ತ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ ಬೇಲೂರು ಕೈಗಾರಿಕಾ ಪ್ರದೇಶವಿರುವದು. ಅಲ್ಲಿಯ ಕಾರಖಾನೆಗಳಲ್ಲಿ ದುಡಿಯುವವರಲ್ಲಿ ಸುತ್ತಲಿನ ಹಳ್ಳಿಗಳವರಿರುವಂತೆಯೇ ದೂರದ ಜಿಲ್ಲೆಗಳಿಂದ, ಪರಪ್ರಾಂತಗಳಿಂದ ಹೊಟ್ಟೆಯ ಪಾಡಿಗಾಗಿ ಬಂದವರೂ ಉಂಟು. ಇವರಲ್ಲಿ ಅನೇಕರಿಗೆ ಬಾಡಿಗೆಯ ಕೋಣೆಯೇ ಮನೆ. ಪಾಳಿಯ ಗೆಳೆಯರೇ ಬಳಗ.

ಹುಟ್ಟಿದೂರಿನ ಹಳೆಯ ಮನೆಯಲ್ಲಿ ಸಾವು ಬಂದರೆ ಏನು ಮಾಡಬೇಕೆಂದು ಯಾರೂ ಯಾರನ್ನೂ ಕೇಳುವ ಕಾರಣವಿರುವದಿಲ್ಲ. ಓಣಿಯ ಹಿರಿಯರು ತಾವಾಗಿಯೇ ಬರುವರು. ಒಬ್ಬರು ಅಯ್ಯನವರನ್ನೋ ಆಚಾರ್ಯರನ್ನೋ ಕರೆತರುವರು. ಒಬ್ಬರು ಕುಣಿ ತೋಡಿಸಲು ಇಲ್ಲವೆ ಕಟ್ಟಿಗೆ ಹೊಂದಿಸಲು ನಿಲ್ಲುವರು. ಹೆಣ್ಣುಮಕ್ಕಳು ನೀರು ಕಾಯಿಸುವರು. ಭಜನೆಯವರು ತಾಳ ಹಿಡಿದು ಬಂದು ಕೂಡ್ರುವರು. ಆದರೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಮಗನು ರಾತ್ರಿಪಾಳಿಗೆ ಹೋಗಿರುವಾಗ, ಊರಿನಿಂದ ಬಂದು ಜೊತೆಗಿರುವ ಮುದಿತಾಯಿಯು ಬೆಳಗಿನ ಜಾವದಲ್ಲಿ ಕಣ್ಣು ಮುಚ್ಚಿದರೆ ಒಬ್ಬಂಟಿಯಾದ ಸೊಸೆಗೆ ಕೈಕಾಲು ಆಡದಂತಾಗುವದು. ಈ ಲೇಖನವನ್ನು ಮುಖ್ಯವಾಗಿ ಅಂಥವರ ಸಲುವಾಗಿ ಬರೆದಿದೆ. ಉಳಿದ ಗೃಹಸ್ಥರಿಗೂ ಇದು ಉಪಯೋಗಕ್ಕೆ ಬಾರದಿರಲಿಕ್ಕಿಲ್ಲ.

ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುವೆವು. ಸಂಸ್ಕಾರವು ಯಾವ ಪದ್ಧತಿಯಂತೆ ನಡೆದರೂ ಸರಿಯೇ. ದೇಹವು ಮಣ್ಣಿಗೋ ಬೆಂಕಿಗೋ ಸಲ್ಲುವ ಮೊದಲು ವೈದ್ಯರು ಅದನ್ನು ಕಣ್ಣಾರೆ ನೋಡಿರಬೇಕು. ಅವರು ಬರೆದ ಪತ್ರವು ಮನೆಯವರ ಕೈಯಲ್ಲಿರಬೇಕು. ಎರಡನೆಯದು, ಸಾವು ಎಲ್ಲಿ ಆಯಿತೋ ಅಲ್ಲಿಯೇ ಅದು ದಾಖಲಾಗಬೇಕು. ಇವೆರಡು ತಪ್ಪಿದರೆ ಉಳಿದವರು, ಅದರಲ್ಲಿಯೂ ವಿಧವೆಯರೂ ಸಣ್ಣ ಮಕ್ಕಳೂ, ವರ್ಷಗಟ್ಟಲೆ ಕಚೇರಿಗಳ ಮೆಟ್ಟಲು ತುಳಿಯಬೇಕಾಗುವದು.

ಆದರೆ ಎಲ್ಲಕ್ಕೂ ಮೊದಲು, ಜೀವವು ಹೋಗಿದೆಯೋ ಇಲ್ಲವೋ ಎಂಬುದು ನಿಶ್ಚಯವಾಗಬೇಕು. ಚೆನ್ನಾಗಿದ್ದವರು ಒಮ್ಮೆಲೆ ಕುಸಿದು ಬಿದ್ದರೆ ಅದನ್ನು ಸಾವೆಂದು ಭಾವಿಸಿ ಅಳುತ್ತ ಕೂಡ್ರಬಾರದು. ಕೂಡಲೆ 108ಕ್ಕೆ ಕರೆ ಮಾಡಬೇಕು. ನಮ್ಮ ರಾಜ್ಯದಲ್ಲಿ ಈ ತುರ್ತು ಸೇವೆಯು 2008ರ ನವೆಂಬರದಿಂದ ನಡೆದಿದೆ. ಉಸಿರಾಟವು ನಿಂತಿದ್ದರೆ ಗಾಡಿ ಬರುವ ವರೆಗೆ ಎದೆಯ ನಡುವೆ ಎರಡೂ ಕೈಗಳನ್ನು ಒಂದರ ಮೇಲೊಂದಿಟ್ಟು ನಿಮಿಷಕ್ಕೆ 100ರಿಂದ 120 ಸಲದಂತೆ ಬಲವಾಗಿ ಒತ್ತುತ್ತಿರಬೇಕು. ಸಕ್ಕರೆ ರೋಗದ ಔಷಧದಿಂದ ರಕ್ತದ ಸಕ್ಕರೆಯು ಮಿತಿಮೀರಿ ಇಳಿದವರು, ನಿದ್ರೆಯ ಗುಳಿಗೆಗಳನ್ನು ಹೆಚ್ಚಾಗಿ ನುಂಗಿದವರು, ಸತ್ತವರಂತೆಯೇ ತೋರುವದುಂಟು. ಮೂಗಿನ ಮುಂದೆ ಹತ್ತಿಯ ಎಳೆ ಹಿಡಿದು ನೋಡುವದು, ಕನ್ನಡಿ ಹಿಡಿಯುವದು ಮೊದಲಾದ ಹಳೆಯ ಪರೀಕ್ಷೆಗಳನ್ನು ನೆಚ್ಚಿ ಕೂಡ್ರಲಾಗದು. ಎದೆಯ ಬಡಿತವನ್ನು ಆಲಿಸಿ, ಕಣ್ಣಪಾಪೆಗೆ ಬೆಳಕು ಬಿಟ್ಟು ನೋಡಿ ಹೇಳಬೇಕಾದವರು ವೈದ್ಯರೇ.

ಬಹುದಿನ ಹಾಸಿಗೆ ಹಿಡಿದವರ ಮಾತು ಬೇರೆ. ಅವರ ಸಾವು ನಿರೀಕ್ಷಿತವಾದದ್ದು. ಅಲ್ಲಿ ಗಾಡಿಗಾಗಿ ಓಡಾಡುವ ಕಾರಣವಿಲ್ಲ. ಕೊನೆಯ ಬೇನೆಯಲ್ಲಿ ಔಷಧೋಪಚಾರ ಮಾಡಿದ ವೈದ್ಯರಿಗೆ ಹೇಳಿಕಳಿಸಿದರೆ ಸಾಕು. ಅವರು ಬಂದು ನೋಡಿ, ಮರಣದ ಕಾರಣವನ್ನು ನಿಯತ ನಮೂನೆಯಲ್ಲಿ ಬರೆದುಕೊಡುವರು. ದವಾಖಾನೆಯ ಹೊರಗೆ ಆದ ಮರಣಕ್ಕೆ 4ಎ ಎಂಬ ನಮೂನೆಯಿರುವದು. ಜನನ ಮರಣ ನೋಂದಣಿಯ 1969ರ ಕಾಯದೆಯ ಮೇರೆಗೆ, ಕೊನೆಯ ಬೇನೆಯಲ್ಲಿ ನೋಡಿಕೊಂಡ ವೈದ್ಯರು ಈ ಪತ್ರವನ್ನು ಯಾವ ಶುಲ್ಕವನ್ನೂ ತೆಗೆದುಕೊಳ್ಳದೆ ಕೊಡತಕ್ಕದ್ದು. ಬಂದುಹೋದ ಶ್ರಮಕ್ಕೆ ಅವರಿಗೆ ಕೊಡುವದು ಬೇರೆ, ಪತ್ರಕ್ಕೆ ಬೆಲೆ ಕಟ್ಟುವದು ಬೇರೆ. ಇದಕ್ಕಾಗಿಯೇ, ಮನೆಯಲ್ಲಿ ವೃದ್ಧರೋ ಬಹುದಿನದ ರೋಗಿಗಳೋ ಇದ್ದವರು ಹತ್ತಿರದ ಒಬ್ಬ ವೈದ್ಯರ ಪರಿಚಯವನ್ನು ಮೊದಲೇ ಇಟ್ಟುಕೊಳ್ಳುವದು ಲೇಸು. ಒಮ್ಮೆಯೂ ನೋಡದವರನ್ನು ನಡುರಾತ್ರಿಯಲ್ಲಿ ಕರೆದರೆ ಅವರು ಬರಲು ಹಿಂದೆಗೆಯುವರು. ಬಂದರೂ ಕಾರಣ ಬರೆಯಲು ಅಳುಕುವರು. ಅದು ಅವರ ತಪ್ಪಲ್ಲ. ಚಿಕಿತ್ಸೆಯ ಕಾಗದಗಳನ್ನು ಒಂದು ಚೀಲದಲ್ಲಿ ಕೂಡಿಸಿಟ್ಟಿದ್ದರೆ ಹೊಸಬರಾದ ವೈದ್ಯರಿಗೂ ದಾರಿ ತಿಳಿಯುವದು.

ಈ ಪತ್ರದ ಬೆಲೆಯೆಷ್ಟೆಂಬುದು 2020 ಮತ್ತು 2021ರ ಕೋವಿಡ್ ಮಾರಿಯ ತರುವಾಯ ಎಲ್ಲರಿಗೂ ಗೊತ್ತಾಯಿತು. 2021ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟು ಸತ್ತವರ ಕುಟುಂಬಕ್ಕೆ 50,000 ರೂಪಾಯಿಯ ಪರಿಹಾರಕ್ಕೆ ಒಪ್ಪಿಗೆಯಿತ್ತು, ಸೋಂಕು ಗೊತ್ತಾದ 30 ದಿನಗಳೊಳಗೆ ಆದ ಮರಣವು ದವಾಖಾನೆಯ ಹೊರಗೆ ಸಂಭವಿಸಿದ್ದರೂ ಸಲ್ಲುವದೆಂದು ನಿರ್ಣಯವಾಯಿತು. ಹಣವೇನೋ ಸಿದ್ಧವಾಯಿತು; ಆದರೆ ಪರೀಕ್ಷೆಯ ಕಾಗದವಾಗಲಿ ವೈದ್ಯರ ಪತ್ರವಾಗಲಿ ಇಲ್ಲದೆ ಮನೆಯಲ್ಲಿಯೇ ಪ್ರಾಣಬಿಟ್ಟವರ ಮನೆಯವರಿಗೆ ಅದನ್ನು ಸಿದ್ಧಮಾಡಿ ತೋರಿಸುವದು ಸುಲಭವಿರಲಿಲ್ಲ. ಚಿತೆಯು ಆರಿದ ಮೇಲೆ ಸಾಕ್ಷಿಯನ್ನು ಎಲ್ಲಿಂದ ತರುವದು?

ವೈದ್ಯರು ಬರುವ ವರೆಗೆ ದೇಹವನ್ನು ಹೇಗೆ ನೋಡಿಕೊಳ್ಳಬೇಕೆಂಬುದನ್ನು ಈಗ ಹೇಳುವೆವು. ಸಾವಾಗಿ ಎರಡರಿಂದ ನಾಲ್ಕು ತಾಸುಗಳೊಳಗೆ ದವಡೆ, ಕುತ್ತಿಗೆಗಳಿಂದ ಮೊದಲಾಗಿ ಸ್ನಾಯುಗಳು ಸೆಟೆಯತೊಡಗುವವು. ಸುಮಾರು ಹನ್ನೆರಡು ತಾಸಿಗೆ ಮೈಯೆಲ್ಲ ಕಟ್ಟಿಗೆಯಂತಾಗುವದು. ನಮ್ಮ ಬಿಸಿಲುನಾಡಿನಲ್ಲಿ ಒಂದು ದಿನ, ಒಂದೂವರೆ ದಿನದ ಮೇಲೆ ಅದು ತಾನೇ ಸಡಿಲುವದು. ಆದಕಾರಣ ಕಣ್ಣೆವೆಗಳನ್ನು ಮೆಲ್ಲನೆ ಮುಚ್ಚಿ ಕೆಲವು ನಿಮಿಷ ಹಿಡಿಯುವದು, ಗದ್ದದ ಕೆಳಗಿನಿಂದ ನೆತ್ತಿಗೆ ಬಟ್ಟೆ ಕಟ್ಟುವದು, ಕೈಕಾಲುಗಳನ್ನು ನೆಟ್ಟಗೆ ಮಾಡುವದು ಇವೆಲ್ಲ ಮೊದಲ ತಾಸಿನಲ್ಲಿಯೇ ಆಗಬೇಕು. ನಮ್ಮ ಅಜ್ಜಿಯರು ಇದನ್ನೆಲ್ಲ ಯಾವ ಪುಸ್ತಕವನ್ನೂ ಓದದೆ ಮಾಡುತ್ತಿದ್ದರು. ತಲೆಯ ಕೆಳಗೆ ಒಂದು ದಿಂಬು ಇಟ್ಟರೆ ಮುಖಕ್ಕೆ ರಕ್ತ ಇಳಿದು ಬಣ್ಣಗೆಡುವದಿಲ್ಲ. ಮಲಮೂತ್ರಗಳು ಹೊರಬೀಳುವದುಂಟು, ಕೈಚೀಲ ತೊಟ್ಟು ಶುಚಿಮಾಡಬೇಕು. ಸತ್ತವರಿಗೆ ಕ್ಷಯದಂತಹ ಸೋಂಕು ಇದ್ದರೆ ಮುಖಕ್ಕೂ ಮುಸುಕು ಬೇಕು. ಒಡವೆಗಳನ್ನು ಇಬ್ಬರು ಹಿರಿಯರ ಎದುರಿಗೆ ತೆಗೆದು ಎಣಿಸಿ ಒಬ್ಬರ ವಶಕ್ಕೆ ಕೊಡಬೇಕು. ಸಾವಿನ ಮನೆಯ ಮನಸ್ತಾಪಗಳು ಹುಟ್ಟುವದು ಹೆಚ್ಚಾಗಿ ಇಲ್ಲಿಂದಲೇ.

ಎರಡು ಸಂಗತಿಗಳು ತಿಳಿಯದವರನ್ನು ಹೆದರಿಸುವವು. ದೇಹವನ್ನು ಹೊರಳಿಸಿದಾಗ ಪುಪ್ಪುಸದಲ್ಲಿ ಉಳಿದ ಗಾಳಿಯು ಹೊರಬಂದು ನಿಟ್ಟುಸಿರಿನಂತೆ ಸಪ್ಪಳವಾಗುವದು. ಅದು ಜೀವದ ಗುರುತಲ್ಲ. ಇನ್ನೊಂದು, ಕೆಲವು ತಾಸುಗಳಲ್ಲಿ ಬೆನ್ನು, ತೊಡೆಗಳ ಕೆಳಭಾಗದಲ್ಲಿ ನೇರಿಲ ಬಣ್ಣದ ಕಲೆಗಳು ಏಳುವವು. ಓಡಾಟವು ನಿಂತ ರಕ್ತವು ಕೆಳಗಿಳಿದು ನಿಲ್ಲುವದರಿಂದ ಇದು ಆಗುವದು. ಇದನ್ನು ಕಂಡು ವಿಷವಿಕ್ಕಿದರೆಂದೂ ಹೊಡೆದರೆಂದೂ ಗುಸುಗುಸು ಎಬ್ಬಿಸಿ, ಸೊಸೆಯ ಮೇಲೋ ನೆರೆಯವರ ಮೇಲೋ ಗೂಬೆ ಕೂಡಿಸುವ ಜನರು ಎಲ್ಲ ಊರಲ್ಲಿಯೂ ಇರುವರು. ವೈದ್ಯರು ನೋಡಿ ಹೇಳಿದ ಒಂದು ಮಾತು ಅಂಥ ಬಾಯಿಗಳನ್ನು ಮುಚ್ಚಿಸಲು ಸಾಕು.

ನಮ್ಮ ಭಾಗದ ಲಿಂಗವಂತರಲ್ಲಿ ದೇಹವನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ವಿಮಾನದಲ್ಲಿ ಮೆರೆಸಿ ಸಮಾಧಿ ಮಾಡುವ ಪದ್ಧತಿಯಿರುವದು. ಮೈ ಸೆಟೆಯುವ ಮೊದಲೇ ಕಾಲು ಮಡಚಿ ಕುಳ್ಳಿರಿಸಬೇಕಾದುದರಿಂದ ಅವರಿಗೆ ಅವಸರವಿರುವದು ಸಹಜವೇ. ಅದಕ್ಕೆ ಉಪಾಯವೆಂದರೆ ವೈದ್ಯರನ್ನು ಮೊದಲು ಕರೆಯುವದು; ಬಟ್ಟೆ, ವಿಭೂತಿ, ಹೂವುಗಳ ಅಲಂಕಾರ ಆಮೇಲೆ. ಒಂದು ವೇಳೆ ತಡವಾಗಿ ಸೆಟೆತುಕೊಂಡಿದ್ದರೂ ಎದೆಗುಂದಬೇಕಾಗಿಲ್ಲ: ಕೀಲುಗಳನ್ನು ಮೆಲ್ಲಮೆಲ್ಲನೆ ನೀವುತ್ತ ಮಣಿಸಿದರೆ ಬಿಗಿಯು ಸಡಿಲುವದು. ಬಲವಂತ ಮಾತ್ರ ಸಲ್ಲದು. ದಹನ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಹೃದಯದ ಬಡಿತವನ್ನು ಸರಿಪಡಿಸಲು ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಇಟ್ಟಿದ್ದರೆ ಅದನ್ನು ವೈದ್ಯರಿಂದ ತೆಗೆಸಲೇಬೇಕು. ಅದು ಬೆಂಕಿಯಲ್ಲಿ ಸಿಡಿಯುವದು. ದೂರದ ಮಕ್ಕಳು ಬರುವ ವರೆಗೆ ದೇಹವನ್ನು ಇಡಬೇಕಾಗಿದ್ದರೆ ಪೇಟೆಯಲ್ಲಿ ಬಾಡಿಗೆಗೆ ದೊರೆಯುವ ತಂಪುಪೆಟ್ಟಿಗೆಯನ್ನು ತರಿಸಬಹುದು.

ಎಲ್ಲ ಸಾವೂ ವೈದ್ಯರ ಪತ್ರದಿಂದ ಮುಗಿಯುವದಿಲ್ಲ. ಬಿದ್ದು, ಸುಟ್ಟುಕೊಂಡು, ಮಿಂಚು ತಗುಲಿ, ಹಾವು ಕಚ್ಚಿ, ವಿಷ ಸೇವಿಸಿ, ಯಂತ್ರಕ್ಕೆ ಸಿಲುಕಿ ಸತ್ತದ್ದಾದರೆ, ಇಲ್ಲವೆ ಯಾವ ಕಾರಣವೂ ತಿಳಿಯದಿದ್ದರೆ, ಪೋಲೀಸರಿಗೆ ತಿಳಿಸಲೇಬೇಕು. 112ಕ್ಕೆ ಕರೆ ಮಾಡಿದರೆ ಸಾಕು. ಅವರು ಬರುವ ವರೆಗೆ ದೇಹವನ್ನು ಅಲುಗಿಸಬಾರದು, ಮೈ ತೊಳೆಯಬಾರದು, ಕೋಣೆಯನ್ನು ಸಾರಿಸಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮು ಈ ವಿಚಾರಣೆಯನ್ನು ಕುರಿತದ್ದು. ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ, ಇಲ್ಲವೆ ಸಂಶಯಕ್ಕೆಡೆಯಾಗುವಂತೆ ಸತ್ತರೆ, ಶವಪರೀಕ್ಷೆಗೆ ಕಳಿಸಬೇಕೆಂದು ಅದರಲ್ಲಿ ವಿಶೇಷ ನಿಯಮವಿರುವದು. ಶವವನ್ನು ಕೊಯ್ಯಿಸುವದೆಂದರೆ ನಮ್ಮ ಜನರು ಬೆಚ್ಚುವರು, ಊರಿಗೆ ಕೂಡಲೆ ಒಯ್ದು ಮಣ್ಣು ಕೊಟ್ಟುಬಿಡೋಣವೆನ್ನುವರು. ಇದರಿಂದ ಹಾನಿಯಾಗುವದು ಬದುಕಿದವರಿಗೆ. ಹಾವು ಕಚ್ಚಿ ಸತ್ತ ರೈತನ ಮನೆಗೆ ಪರಿಹಾರ ಬರಬೇಕಾದರೆ ಶವಪರೀಕ್ಷೆಯ ವರದಿಯು ಬೇಕು. ಕಾರಖಾನೆಯಲ್ಲಿ ಪೆಟ್ಟು ತಿಂದವನು ಎರಡು ದಿನ ಬಿಟ್ಟು ಮನೆಯಲ್ಲಿ ಸತ್ತರೆ ಅದನ್ನು ಸಹಜ ಮರಣವೆಂದು ಬರೆಸಬಾರದು. ಕೆಲಸದ ಪೆಟ್ಟಿನಿಂದ ಸತ್ತ ವಿಮಾದಾರನ ಹೆಂಡತಿ ಮಕ್ಕಳಿಗೆ ನೌಕರರ ರಾಜ್ಯ ವಿಮೆಯಿಂದ ಅವನ ಕೂಲಿಯ ಶೇಕಡಾ 90ರಷ್ಟು ಹಣವು ಅವಲಂಬಿತರ ವೇತನವಾಗಿ ತಿಂಗಳು ತಿಂಗಳಿಗೂ ಬರತಕ್ಕದ್ದು. ಒಂದು ರಾತ್ರಿಯ ಅವಸರದಲ್ಲಿ ಅದನ್ನು ಕೈಬಿಡುವದು ಎಂಥ ನಷ್ಟ!

ಕಣ್ಣುಗಳನ್ನು ದಾನಮಾಡುವ ಮನಸ್ಸಿದ್ದವರು ಆರು ತಾಸುಗಳೊಳಗೆ ನೇತ್ರಭಂಡಾರಕ್ಕೆ ತಿಳಿಸಬೇಕು. ಹುಬ್ಬಳ್ಳಿಯಲ್ಲಿ ಎಂ. ಎಂ. ಜೋಶಿ ನೇತ್ರ ವಿಜ್ಞಾನ ಸಂಸ್ಥೆಯಲ್ಲಿ ಇದರ ವ್ಯವಸ್ಥೆಯಿದೆ. ಅವರು ಮನೆಗೇ ಬರುವರು, ಕೆಲಸವು ಅರ್ಧ ತಾಸಿನೊಳಗೆ ಮುಗಿಯುವದು, ಮುಖವು ವಿಕಾರವಾಗುವದಿಲ್ಲ, ಕುಳ್ಳಿರಿಸಿ ಸಮಾಧಿ ಮಾಡುವವರಿಗೂ ಇದರಿಂದ ಅಡ್ಡಿಯಿಲ್ಲ. ಅವರು ಬರುವ ವರೆಗೆ ಪಂಖವನ್ನು ನಿಲ್ಲಿಸಿ, ಮುಚ್ಚಿದ ಎವೆಗಳ ಮೇಲೆ ಒದ್ದೆ ಹತ್ತಿಯನ್ನಿಡಬೇಕು. ಸತ್ತವರು ಮೊದಲೇ ಬರೆದುಕೊಟ್ಟಿರದಿದ್ದರೂ ಮನೆಯವರ ಒಪ್ಪಿಗೆಯಿಂದ ದಾನವು ಸಲ್ಲುವದು. ಕನ್ನಡಕ ಹಾಕುತ್ತಿದ್ದರು, ಪೊರೆ ತೆಗೆಸಿದ್ದರು, ಸಕ್ಕರೆ ರೋಗವಿತ್ತು ಎಂಬಿವು ಅಡ್ಡಿಗಳಲ್ಲ. 2006ರ ಏಪ್ರಿಲ 12ರಂದು ನಟ ರಾಜಕುಮಾರರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನಮಾಡಲಾಯಿತು. 2021ರಲ್ಲಿ ಅವರ ಮಗ ಪುನೀತರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ನೇತ್ರದಾನದ ಮಾತು ನಾಡಿನ ಮನೆಮನೆಗೆ ಮುಟ್ಟಿದ್ದು ಹೆಚ್ಚಾಗಿ ಈ ತಂದೆಮಕ್ಕಳ ದೆಸೆಯಿಂದ.

ಇಡಿಯ ದೇಹವನ್ನೇ ವೈದ್ಯಕೀಯ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಕೊಡುವವರೂ ಇದ್ದಾರೆ. ಬೇಲೂರಿನಿಂದ ದೂರವಲ್ಲದ ಬೈಲಹೊಂಗಲದ ವೈದ್ಯರೊಬ್ಬರು ತಮ್ಮ ದೇಹವನ್ನು ಹೀಗೆ ಕೊಡಬೇಕೆಂದು ಹೇಳಿಹೋಗಿದ್ದರು. ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಅವರು 2010ರಲ್ಲಿ ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯದಲ್ಲಿ ತಂದೆಯ ದೇಹವನ್ನು ತಾವೇ ವಿಚ್ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಅಂಥ ಎದೆಗಾರಿಕೆ ಎಲ್ಲರಿಗೂ ಬಾರದು, ಬರಬೇಕಾದದ್ದೂ ಇಲ್ಲ. ದೇಹದಾನ ಮಾಡುವವರು ವೈದ್ಯಕೀಯ ಮಹಾವಿದ್ಯಾಲಯದ ಅಂಗರಚನಾ ವಿಭಾಗದಲ್ಲಿ ಮೊದಲೇ ಹೆಸರು ಬರೆಸಿಡುವದೊಳ್ಳೆಯದು. ಶವಪರೀಕ್ಷೆಯಾದ ದೇಹವನ್ನು ಅಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವದಿಲ್ಲ.

ಬಾಡಿಗೆಯ ಮನೆಯ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ಮನೆಯಲ್ಲಿ ಹೆಣವಿಡಬೇಡಿರಿ, ಊರಿಗೆ ಒಯ್ಯಿರಿ ಎಂದು ಅವಸರಪಡಿಸುವ ಮನೆಯೊಡೆಯರುಂಟು. ಧನಿಷ್ಠಾಪಂಚಕದ ಹೆಸರು ಹೇಳಿ ಬಾಡಿಗೆದಾರರನ್ನು ಮನೆ ಬಿಡಿಸುವವರೂ ಉಂಟು. ನಕ್ಷತ್ರದ ದೋಷಕ್ಕೆ ಶಾಂತಿ ಮಾಡಿಸಿಕೊಳ್ಳಲು ಯಾರೂ ಬೇಡವೆನ್ನುವದಿಲ್ಲ. ನಿನ್ನೆ ವಿಧವೆಯಾದವಳನ್ನು ಇಂದು ಬೀದಿಗೆ ಹಾಕುವ ದೋಷಕ್ಕೆ ಯಾವ ಶಾಂತಿಯಿದೆಯೋ ನಾವರಿಯೆವು. ಬಳೆ ಒಡೆಯುವದು, ಕುಂಕುಮ ಅಳಿಸುವದು ಮೊದಲಾದವುಗಳನ್ನು ಆ ಹೆಣ್ಣುಮಗಳ ಇಷ್ಟಕ್ಕೆ ಬಿಡುವದೇ ಸರಿ. ನಮ್ಮ ಗಡಿಗೆ ಹತ್ತಿಕೊಂಡ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯತಿಯು 2022ರ ಮೇ ತಿಂಗಳಲ್ಲಿ ಈ ರೂಢಿಗಳನ್ನು ನಿಲ್ಲಿಸಲು ಠರಾವು ಮಾಡಿತು. ಹಳ್ಳಿಯ ಪಂಚರು ಮಾಡಿದ್ದನ್ನು ಪಟ್ಟಣದ ಸುಶಿಕ್ಷಿತರು ಮಾಡಲಾರರೆ? ಮಕ್ಕಳಿಗೂ ಅಜ್ಜಿ ಊರಿಗೆ ಹೋದಳೆಂದು ಸುಳ್ಳು ಹೇಳದೆ, ಸತ್ತಳೆಂದೇ ಮೆಲ್ಲನೆ ಹೇಳಿ ಮುಖ ತೋರಿಸುವದು ಲೇಸು.

ಇನ್ನು ನೋಂದಣಿಯ ಸಂಗತಿ. ಬೇಲೂರಿನಲ್ಲಿ ಸತ್ತವರನ್ನು ರೋಣಕ್ಕೋ ರಾಣೆಬೆನ್ನೂರಿಗೋ ಒಯ್ದು ಸಂಸ್ಕಾರ ಮಾಡಿದವರು, ಅಲ್ಲಿಯೇ ಮರಣವನ್ನು ಬರೆಸಲು ಹೋಗುವರು. ಇದು ಸಲ್ಲುವದಿಲ್ಲ. ಸಮಾಧಿಯ ಸ್ಥಳವೂ ಹುಟ್ಟೂರೂ ಇಲ್ಲಿ ಲೆಕ್ಕಕ್ಕಿಲ್ಲ. ಉಸಿರು ಎಲ್ಲಿ ನಿಂತಿತೋ ಆ ಸ್ಥಳದ ನೋಂದಣಾಧಿಕಾರಿಗೆ ತಿಳಿಸಬೇಕು. ಬಾಡಿಗೆಯ ಕೋಣೆಯು ಗ್ರಾಮ ಪಂಚಾಯತಿಯ ಮೇರೆಯಲ್ಲಿದೆಯೋ ಮಹಾನಗರಪಾಲಿಕೆಯ ಮೇರೆಯಲ್ಲಿದೆಯೋ ಎಂಬುದನ್ನು ಮನೆಯೊಡೆಯರಿಂದ ಕೇಳಿ ತಿಳಿಯಬೇಕು. ಇಂಥ ಅಂಚಿನ ಪ್ರದೇಶಗಳಲ್ಲಿ ರಸ್ತೆ ದಾಟಿದರೆ ಕಚೇರಿ ಬೇರೆಯಾಗುವದುಂಟು. ತಿಳಿಸುವ ಹೊಣೆಯು ಮನೆಯ ಯಜಮಾನನದು. ಅವನಿಲ್ಲದಿದ್ದರೆ ಸಮೀಪದ ಬಂಧುವಿನದು.

ಇದಕ್ಕಿಂತಲೂ ತೊಡಕಾದ ಪ್ರಸಂಗವೊಂದಿದೆ. ವೈದ್ಯರು ಕೈಬಿಟ್ಟ ರೋಗಿಯ ಜೀವವು ಮನೆಯಲ್ಲಿಯೇ ಹೋಗಲೆಂದು ಹುಬ್ಬಳ್ಳಿಯ ದವಾಖಾನೆಯಿಂದ ಊರಿಗೆ ಕರೆದೊಯ್ಯುವದು ನಮ್ಮ ಕಡೆಗೆ ಸಾಮಾನ್ಯ. ಎಷ್ಟೋ ಸಲ ಜೀವವು ಅಷ್ಟು ದೂರ ಕಾಯದೆ ಹಾದಿಯಲ್ಲಿಯೇ ಹೋಗಿಬಿಡುವದು. ಚಲಿಸುವ ವಾಹನದಲ್ಲಿ ಮರಣವಾದರೆ, ಆ ವಾಹನದ ಹೊಣೆ ಹೊತ್ತವನು ಮೊದಲು ನಿಲ್ಲುವ ಸ್ಥಳದಲ್ಲಿ ತಿಳಿಸತಕ್ಕದ್ದೆಂದು ನಿಯಮವಿರುವದು. ಅಳುವವರ ನಡುವೆ ಕುಳಿತ ಚಾಲಕನಿಗೆ ಇದು ತೋಚುವದಿಲ್ಲ. ಆದ್ದರಿಂದ ಹಾಗೆ ಹೊರಡುವವರು ದವಾಖಾನೆಯಿಂದ ಬಿಡುಗಡೆಯ ಪತ್ರವನ್ನು, ಅದರಲ್ಲಿ ರೋಗದ ಹೆಸರನ್ನೂ ರೋಗಿಯ ಸ್ಥಿತಿಯನ್ನೂ ಸ್ಪಷ್ಟವಾಗಿ ಬರೆಯಿಸಿಕೊಂಡೇ ಹೊರಡಬೇಕು. ಸಂಗಡ ಹೋದವರೊಬ್ಬರು ಹೊತ್ತನ್ನೂ ಸ್ಥಳವನ್ನೂ ಬರೆದಿಡಬೇಕು. ದೇಹವನ್ನು ವಿಮಾನದಲ್ಲಿ ಪರಪ್ರಾಂತಕ್ಕೆ ಕಳಿಸುವದಾದರೆ ವೈದ್ಯರ ಪತ್ರದ ಸಂಗಡ ಪೋಲೀಸರ ನಿರಾಕ್ಷೇಪಣೆಯ ಪತ್ರವೂ, ದೇಹವು ಕೆಡದಂತೆ ಔಷಧವೇರಿಸಿದ ಪ್ರಮಾಣಪತ್ರವೂ ಬೇಕಾಗುವವು.

ತಿಳಿಸಲು 21 ದಿನಗಳ ಅವಧಿಯುಂಟು. ಆ ಅವಧಿಯಲ್ಲಿ ಬರೆಸಿದವರಿಗೆ ಮೊದಲ ಪ್ರತಿಯು ಪುಕ್ಕಟೆ ದೊರೆಯುವದು. 30 ದಿನಗಳ ವರೆಗೆ ತಡವಾದರೆ ದಂಡದ ಹಣದಿಂದ ಮುಗಿಯುವದು. ಅಲ್ಲಿಂದ ಒಂದು ವರ್ಷದ ವರೆಗೆ ಮೇಲಧಿಕಾರಿಯ ಅಪ್ಪಣೆ ಬೇಕು. ವರ್ಷ ಮೀರಿದರೆ, 2023ರ ತಿದ್ದುಪಡಿಯ ಮೇರೆಗೆ, ಜಿಲ್ಲಾ ದಂಡಾಧಿಕಾರಿಗಳ ಇಲ್ಲವೆ ಉಪವಿಭಾಗದ ದಂಡಾಧಿಕಾರಿಗಳ, ಅಥವಾ ಅವರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಆಜ್ಞೆಯಾಗಬೇಕು. ನಮ್ಮಲ್ಲಿ ಹನ್ನೊಂದು, ಹದಿಮೂರು ದಿನಗಳ ಕರ್ಮಗಳು ಮುಗಿಯುವ ವರೆಗೆ ಇಂಥ ಕೆಲಸಕ್ಕೆ ಯಾರೂ ಹೊರಬೀಳುವದಿಲ್ಲ. ಉಳಿಯುವದು ಒಂದು ವಾರ ಮಾತ್ರ. ಅಷ್ಟರಲ್ಲಿ ಮಗನಿಗೆ ರಜೆ ತೀರಿರುವದು. ಸೂತಕವಿಲ್ಲದ ಒಬ್ಬ ಬೀಗರನ್ನೋ ಗೆಳೆಯರನ್ನೋ ಬೆನ್ನು ಹತ್ತಿಸಿದರೆ ತಪ್ಪೇನು?

ಹೆಸರಿನ ವಿಷಯದಲ್ಲಿ ಬಹಳ ಜಾಗ್ರತೆ ಬೇಕು. ಮನೆಯಲ್ಲಿ ಬಸಪ್ಪ, ಕಾರಖಾನೆಯ ಪುಸ್ತಕದಲ್ಲಿ ಬಸವರಾಜ, ಆಧಾರದಲ್ಲಿ ಬಸವರಾಜಪ್ಪ, ಬ್ಯಾಂಕಿನಲ್ಲಿ ಅಡ್ಡಹೆಸರು ಮೊದಲು. ಬರೆಯುವವರು ಕೇಳಿದಾಗ ಬಾಯಿಗೆ ಬಂದ ಹೆಸರನ್ನು ಹೇಳಿದರೆ ನಾಲ್ಕು ಕಡೆ ನಾಲ್ವರು ಮನುಷ್ಯರಾಗಿ ನಿಲ್ಲುವರು. ಆಧಾರದ ಪತ್ರವನ್ನು ಮುಂದಿಟ್ಟು ಅಕ್ಷರ ಅಕ್ಷರವಾಗಿ ಹೊಂದಿಸಬೇಕು. ಗಂಡನ ಹೆಸರು, ತಂದೆಯ ಹೆಸರು, ಮರಣದ ದಿನಾಂಕಗಳನ್ನು ಕಚೇರಿಯಿಂದ ಹೊರಬೀಳುವ ಮೊದಲೇ ಓದಿ ನೋಡಬೇಕು. ನಡುರಾತ್ರಿ ದಾಟಿ ಹೋದ ಜೀವಕ್ಕೆ ಮರುದಿನದ ದಿನಾಂಕವೇ ಸಲ್ಲುವದು. ಪ್ರತಿಗಳನ್ನು ಒಂದೇ ಸಲಕ್ಕೆ ಐದಾರು ತೆಗೆದುಕೊಳ್ಳುವದು ಒಳ್ಳೆಯದು.

ದುಡಿಯುವವನೇ ಹೋದ ಮನೆಗೆ ಬರಬೇಕಾದ ಹಣದ ವಿಚಾರವನ್ನು ಹಲವರು ನಾಚಿಕೆಯಿಂದ ಮುಂದೂಡುವರು. ಇದರಲ್ಲಿ ನಾಚಿಕೆಯೇನೂ ಇಲ್ಲ. ಅದು ಅವನು ಬೆವರು ಸುರಿಸಿ ಕೂಡಿಸಿದ್ದು. ನೌಕರರ ರಾಜ್ಯ ವಿಮೆಗೆ ಒಳಪಟ್ಟವನ ಅಂತ್ಯಕ್ರಿಯೆಗೆ 15,000 ರೂಪಾಯಿಯ ವರೆಗೆ ದೊರೆಯುವದು. ಮೂರು ತಿಂಗಳೊಳಗೆ ಕೇಳಬೇಕು. ಭವಿಷ್ಯನಿಧಿಯ ಹಣವಲ್ಲದೆ, ಅದಕ್ಕೆ ಹೊಂದಿದ ಜೀವವಿಮೆಯಿಂದ ಗರಿಷ್ಠ 7 ಲಕ್ಷದ ವರೆಗೂ ಬರುವದುಂಟು. ಒಂದೇ ತಿಂಗಳ ವಂತಿಗೆ ಕಟ್ಟಿದವನು ಕೆಲಸದಲ್ಲಿರುವಾಗಲೇ ಸತ್ತರೂ ವಿಧವೆಗೆ ಪಿಂಚಣಿ ಸಲ್ಲುವದು. ಗುತ್ತಿಗೆದಾರನ ಕೈಕೆಳಗಿದ್ದವರಿಗೆ ಇವು ಇಲ್ಲವೆಂದು ತಿಳಿಯಬಾರದು. ಅವರ ಪಾಲಿನ ಹಣ ಕಟ್ಟಿದ್ದರ ಲೆಕ್ಕವನ್ನು ಕೇಳಬಹುದು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗಾಗಿ ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಕಡಿತವಾಗಿದ್ದರೆ 2 ಲಕ್ಷ ರೂಪಾಯಿ ಬರಬೇಕು. ಪಾಸಬುಕ್ಕಿನ ಮೇ ತಿಂಗಳ ಪುಟವನ್ನು ತೆರೆದು ನೋಡಿದರೆ ಆ ಕಡಿತವು ಬಹುಶಃ ಕಂಡುಬರುವದು. ಆದರೆ ಸತ್ತವರ ಎ.ಟಿ.ಎಂ. ಕಾರ್ಡಿನಿಂದ ಹಣ ತೆಗೆಯುವದು ಮಾತ್ರ ಸಲ್ಲದು. ಅನೇಕರು ಗೊತ್ತಿಲ್ಲದೆ ತೆಗೆದು ಆಮೇಲೆ ಅಣ್ಣತಮ್ಮಂದಿರ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೂಡ್ರುವರು. ಮರಣಪತ್ರದ ಒಂದು ಪ್ರತಿಯನ್ನು ಬ್ಯಾಂಕಿಗೂ ಒಂದನ್ನು ಕಾರಖಾನೆಯ ಸಿಬ್ಬಂದಿ ಕಚೇರಿಗೂ ಕೊಟ್ಟು, ಮುಟ್ಟಿದ್ದಕ್ಕೆ ಇನ್ನೊಂದು ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡು ಬರಬೇಕು.